ನನ್ನ ಕಾಲು ಯಾರದು

ಉಮ್ ಸಮ್ರಾ ಗಡಿ ಠಾಣೆ,
ರಜಬ್ ತಿಂಗಳ ಎರಡನೆಯ ಸೋಮವಾರ, ಮಧ್ಯಾಹ್ನದ ನಮಾಜು ಮುಗಿಸಿ

ಪ್ರೀತಿಯ ಅಮ್ಮಾ,

ನಿನ್ನ ನೆತ್ತಿಗೊಂದು ಮುತ್ತು, ಬಲಗೈಗೊಂದು ಮುತ್ತು. ಕಣ್ಣಿನ ಪಟ್ಟಿ ಬಿಚ್ಚಿದರೆಂದು ಲಾರಿ ಡ್ರೈವರ್ ಹೇಳಿದ. ಈಗ ಹೇಗಿದೆ? ಬೆಳಕು ಚುಚ್ಚುತ್ತದೆಯೆ? ಹೊಗೆಯ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಹೋಗಬಾರದು ಅಮ್ಮಾ. ನೀನು ರಿಯಾದಿನಲ್ಲಿಯೂ ಮಹಡಿಯ ಮೇಲೆ ಕಟ್ಟಿಗೆ ಹಚ್ಚಿ ರೊಟ್ಟಿ ಸುಟ್ಟೆಯಂತೆ, ಮನೆಗೆ ಬೆಂಕಿ ಬಿತ್ತೆಂದು ಪಕ್ಕದವರು ಕೊಡ ಹಿಡಿದು ಓಡಿಬಂದರಂತೆ. ಅದನ್ನು ಕೇಳಿ ಠಾಣೆಯವರೆಲ್ಲ ನಕ್ಕರು. ಅಕ್ಕನ ಮನೆಯ ನೆಲದ ಮೇಲೂ ನಿನಗೆ ಸಿಟ್ಟಂತೆ. "ಇದೇನೇ ಇದು, ಕನ್ನಡಿ ಥರ ನೆಲ! ಯಾರು ಬಂದ್ರು, ಯಾರು ಹೋದ್ರು, ಒಂದೂ ಗೊತ್ತಾಗಲ್ಲ. ಕಣ್ಣು ಬರಿಸ್ಕೊಳ್ಳೋಕೆ ಬಂದು ಪೂರ್ತಿ ಕುರುಡಿ ಆದೆ" ಎಂದೆಯಂತೆ. ಮರಳಿನಲ್ಲಿ ಹುಟ್ಟಿ ಬೆಳೆದವಳಿಗೆ ಗುರುತು ಬೀಳದ ನೆಲ ನೆಲವೇ ಅಲ್ಲ, ನಿಜ.

ಇದನ್ನು ಓದಿ ಹೇಳುತ್ತಿರುವ ಮುನೀರಕ್ಕನಿಗೂ ಸಲಾಂ. ಅಕ್ಕಾ, ಚಿಕ್ಕಂದಿನಲ್ಲಿ ನೀನು ನನಗೆ ಕಥೆ ಹೇಳುವಾಗ ನಿನಗೆ ಬೇಡದ ಕಡೆ ನುಂಗಿಬಿಡುತ್ತಿದ್ದೆ. ರಾಕ್ಷಸ ಸಾಯುತ್ತಲೇ ಇರಲಿಲ್ಲ, ಊರು ಬಿಟ್ಟು ಹೋಗುತ್ತಿದ್ದ. ಇವತ್ತು ಹಾಗೆ ಮಾಡಬೇಡ. ಮಕ್ಕಳನ್ನು ಆಚೆ ಆಡಲು ಕಳಿಸು, ಬಾಗಿಲು ಹಾಕಿಕೋ, ಬರೆದದ್ದನ್ನು ಬರೆದ ಹಾಗೆಯೇ ಅಮ್ಮನಿಗೆ ಓದು.

ನಿನ್ನ ಕಪ್ಪು ಮೇಕೆ ಈಯ್ದಿದೆ, ಎರಡೂ ಹೆಣ್ಣುಮರಿ. ಒಂಟೆಗಳಿಗೆ ಮೇವು ಸಿಕ್ಕಿದೆ. ಹಮ್ದಾ ಮಾತ್ರ ಚೆನ್ನಾಗಿಲ್ಲ. ತನ್ನ ತಮ್ಮ ಜಾಬಿರ್ ಹೋದ ಮೇಲೆ ಅವಳು ನನ್ನ ಎದುರು ಕೂತು ಉಂಡಿಲ್ಲ. "ಅವನನ್ನ ಕೊಂದ ಕಾಲು ಯಾರದು ಅಂತ ಹೇಳಿ ಬಾ, ಆಮೇಲೆ ತಟ್ಟೆ ಮುಂದೆ ಕೂರ್ತೀನಿ" ಎನ್ನುತ್ತಾಳೆ. ನನ್ನ ಹೆಂಡತಿ ಹಟಮಾರಿ, ನಿನ್ನ ಕೈಯಲ್ಲಿ ಬೆಳೆದವಳು, ಏನು ಹೇಳಲಿ. ಜಾಬಿರ್ ಹೋದದ್ದು ನಿನಗೆ ತಿಳಿದಿದೆ. ಹೇಗೆ ಹೋದ ಎಂಬುದನ್ನು ಯಾರೂ ಹೇಳಿರಲಾರರು. ತೆಂಕಣ ಮರಳಿನವರು ಗಡಿ ದಾಟಿ ಕಳ್ಳ ಸರಕು ತರುತ್ತಾರಲ್ಲ, ಅವರಲ್ಲಿ ಇಬ್ಬರು ಬೆಳಗಿನ ಜಾವ ಬಾವಿಗೆ ನೀರಿಗೆಂದು ಬಂದಿದ್ದಾರೆ. ಕಾವಲಿಗಿದ್ದ ಜಾಬಿರ್ ಕೂಗಿ ನಿಲ್ಲಿಸಿದ್ದಾನೆ. ಅವರಲ್ಲಿ ಒಬ್ಬ ಗುಂಡು ಹಾರಿಸಿದ್ದಾನೆ, ಹಾರಿಸಿ ಓಡಿದ್ದಾನೆ, ಓಡಿದವನು ಮತ್ತೆ ತಿರುಗಿ ಬಂದು ಜಾಬಿರನ ಪಕ್ಕದಲ್ಲಿ ಮಂಡಿಯೂರಿ ಬಾಯಿಗೆ ನೀರು ಬಿಟ್ಟಿದ್ದಾನೆ. ಇಷ್ಟನ್ನೂ ಮರಳು ನನಗೆ ಹೇಳಿತು. ಆ ಬರಿಗಾಲಿನ ಒಂದು ಗುರುತು ಒದ್ದೆ ನೆಲದಲ್ಲಿ ಚೆನ್ನಾಗಿ ಕೂತಿತ್ತು. ಗಾಳಿ ಮುಟ್ಟದಿರಲೆಂದು ಅದರ ಮೇಲೆ ಬೋಗುಣಿ ಕವುಚಿ, ಒಬ್ಬ ಕಾವಲುಗಾರನನ್ನು ಕೂರಿಸಿದೆವು.

ಆ ಹೆಜ್ಜೆಯನ್ನು ನೋಡಿದಾಗ ನನಗೆ ಏನೋ ಪರಿಚಯದ್ದು ಅನ್ನಿಸಿತು. ಎಲ್ಲೋ ನೋಡಿದ್ದೇನೆ, ದಿನವೂ ನೋಡುತ್ತೇನೆ, ಯಾರದೆಂದು ಹೊಳೆಯುತ್ತಿಲ್ಲ. ನಾಲಿಗೆಯ ತುದಿಯಲ್ಲಿ ಹೆಸರು ನಿಂತಂತೆ. ನಾಲ್ಕಾರು ದಿನ ಬಿಟ್ಟು ಬೇರೆ ಪಹರೆಯವರಿಗೆ ಒಬ್ಬ ಮುದುಕ, ಒಬ್ಬ ಹುಡುಗ ಸಿಕ್ಕಿದರು. ತಂದೆ ಮಗ. ಮುದುಕನ ಹೆಸರು ಸುಹೈಲ್, ಹುಡುಗ ಮುಸಲ್ಲಮ್. ಬಂದೂಕು ಇರಲಿಲ್ಲ, ಎಲ್ಲೋ ಹೂತಿದ್ದಾರೆ. ಹೊಡೆದದ್ದು ನಾನೇ ಎಂದು ಮುದುಕನೂ ಹೇಳುತ್ತಾನೆ, ನಾನೇ ಎಂದು ಹುಡುಗನೂ ಅಳುತ್ತಾನೆ. ಕ್ಯಾಪ್ಟನ್ ತಲೆ ಚಚ್ಚಿಕೊಂಡರು. "ಇಷ್ಟು ದಿನ ಎಲ್ರೂ 'ನಾನಲ್ಲ' ಅನ್ನೋರು, ಅದೇ ಸುಖವಾಗಿತ್ತು. ಮುಸ್ಫಿರ್, ಕಾಲು ನೋಡಿ ಒಬ್ಬನನ್ನ ಹೇಳು, ಇನ್ನೊಬ್ಬ ಮನೆಗೆ ಹೋಗಲಿ" ಎಂದರು.

ಪದ್ಧತಿಯ ಪ್ರಕಾರ ಬಾವಿಯ ಪಕ್ಕದ ಮರಳನ್ನು ನೀರು ಚಿಮುಕಿಸಿ ಸಮ ಮಾಡಿಸಿದೆ. ಬೋಗುಣಿ ತೆಗೆಸಿದೆ. ಜಾಬಿರ್, ಹಮ್ದಾ ಇಬ್ಬರ ಅಪ್ಪ, ನಮ್ಮ ದೊಡ್ಡಪ್ಪ ಬಖೀತ್, ಸತ್ತವನ ತಂದೆಯಾಗಿ ಬಂದು ಕುರ್ಚಿಯ ಮೇಲೆ ಕೂತಿದ್ದರು. ಅವರ ಕಣ್ಣು ಪೂರ್ತಿ ಹೋಗಿದೆ ಅಮ್ಮಾ, ಬಿಸಿಲು ಯಾವ ಕಡೆ ಇದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಹೆಜ್ಜೆ ಓದುವವನೂ ಚಪ್ಪಲಿ ಬಿಡಬೇಕಲ್ಲ, ಬಿಟ್ಟೆ. ಇಬ್ಬರನ್ನೂ ನಡೆಸಿದೆವು. ಅಪ್ಪ ಕಲಿಸಿದ ಹಾಗೆ ನಾನು ಮುಖ ನೋಡಲಿಲ್ಲ, ನೆಲವನ್ನೇ ನೋಡುತ್ತ ಹೋದೆ. ಮುದುಕನ ಸಾಲಿನ ಹತ್ತಿರ ಬಂದಾಗ ನನಗೆ ಬಂದ ಯೋಚನೆ ಇದು: ನಾನು ಯಾವಾಗ ಈ ಕಡೆ ನಡೆದೆ? ಎರಡನೆಯ ಬೆರಳು ಹೆಬ್ಬೆರಳಿಗಿಂತ ಮುಂದೆ, ಕಿರುಬೆರಳು ನೆಲ ಮುಟ್ಟುವುದಿಲ್ಲ, ಭಾರವೆಲ್ಲ ಹೊರ ಅಂಚಿಗೆ, ಹಿಮ್ಮಡಿಯ ಒಳಗಡೆ ಒಂದು ಬೆರಳಗಲ ಖಾಲಿ. ಹಿಂದೆ ತಿರುಗಿ ನನ್ನದನ್ನು ನೋಡಿದೆ. ಮುಂದೆ ನೋಡಿದೆ. ಆಚೆ ಹುಡುಗನದನ್ನು ನೋಡಿದೆ. ಒಂದೇ ಕಾಲನ್ನು ಮೂರು ವಯಸ್ಸಿನಲ್ಲಿ ಒತ್ತಿದ ಹಾಗಿತ್ತು. ಆಮೇಲೆ ತಲೆಯೆತ್ತಿದೆ. ಮುದುಕ ನನ್ನ ಮುಖ ನೋಡುತ್ತಿರಲಿಲ್ಲ. ಅವನ ಕಣ್ಣು ನನ್ನ ಹೆಜ್ಜೆಯ ಮೇಲಿತ್ತು. ನೋಡುತ್ತ ನೋಡುತ್ತ, ಕಾಲೆಳೆದು ನಡೆಯುವವನಂತೆ ತೂರಾಡಿ, ಬೇಡಿಯ ಸರಪಳಿಯನ್ನು ನನ್ನ ಗುರುತಿನ ಮೇಲೆ ಎಳೆದುಬಿಟ್ಟ. ಒಂದು ಬಿಡದೆ ಎಲ್ಲವನ್ನೂ ಅಳಿಸಿದ. "ಸರಿಯಾಗಿ ನಡಿಯೋ ಮುದುಕ!" ಎಂದು ಪೊಲೀಸಿನವನು ಗದರಿದ. ಬಿಸಿಲಿಗೆ ಕಣ್ಣು ಮಂಜಾಗಿದೆ, ಗುರುವಾರ ಓದುತ್ತೇನೆ ಎಂದು ನಾನು ಕ್ಯಾಪ್ಟನ್‌ಗೆ ಹೇಳಿ ಬಂದೆ.

ಅಲ್ಲಿಂದ ನೇರ ದೊಡ್ಡಪ್ಪನ ಡೇರೆಗೆ ಹೋದೆ. ಕಾಫಿ ಕುದಿಯುತ್ತಿತ್ತು. "ದೊಡ್ಡಪ್ಪ, ನನ್ನ ಕಾಲು ಯಾರದು?" ಎಂದೆ. ಅವರು ನಕ್ಕರು. "ಊರಲ್ಲಿ ಎಲ್ಲರ ಕಾಲೂ ಓದ್ತೀಯ, ನಿನ್ನದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತೇನೋ? ನಾವು ನೀನು ದಡ್ಡ ಅಂತಲೇ ತೀರ್ಮಾನ ಮಾಡಿದ್ವಿ" ಎಂದರು. ನಾನು ನಗದೇ ಇದ್ದದ್ದು ಅವರಿಗೆ ಕೇಳಿಸಿತೇನೋ, ಕಾಫಿಯನ್ನು ಉರಿಯಿಂದ ಇಳಿಸಿಟ್ಟರು. ಆಮೇಲೆ ಹೇಳಿದರು. ಆ ಬರದ ವರ್ಷ ತೆಂಕಣದವರು ನಮ್ಮ ಒಂಟೆ ಹೊಡೆದುಕೊಂಡು ಹೋದದ್ದು, ಅಪ್ಪ ಹೆಜ್ಜೆ ಹಿಡಿದು ಕಾವಲಿನವರನ್ನು ಅವರ ಬೆನ್ನಿಗೆ ಒಯ್ದದ್ದು, ಅವರು ಚದುರಿದ್ದು, ಚದುರಿದವರಲ್ಲಿ ಒಬ್ಬ ಹೆಂಗಸು ದಾರಿ ತಪ್ಪಿ ಹೂತುಹೋದ ಬಾವಿಯ ಬಳಿ ಬಾಯಾರಿ ಸತ್ತದ್ದು. ಅಪ್ಪ ಅಲ್ಲಿಗೆ ಮುಟ್ಟಿದಾಗ ಅವಳ ಸುತ್ತ ಬಟ್ಟಲಿನಷ್ಟು ಪುಟ್ಟ ಹೆಜ್ಜೆಗಳು, ಸುತ್ತು ಸುತ್ತು ಸುತ್ತು. "ನಿಮ್ಮಪ್ಪ ನಾಶಿರ್ ಜೀವಮಾನದಲ್ಲಿ ಓದಿದ ಹೆಜ್ಜೆಯಲ್ಲಿ ಅವನು ಅತ್ತದ್ದು ಅದೊಂದಕ್ಕೇ. ಆ ಮಗೂನ ಒಂಟೆ ಮೇಲೆ ಎತ್ಕೊಂಡು ಬಂದ" ಎಂದರು ದೊಡ್ಡಪ್ಪ.

ಅಂದರೆ ಅಮ್ಮಾ, ನನ್ನ ತಂದೆ ನನ್ನ ತಾಯಿಯನ್ನು ಬೆನ್ನಟ್ಟಿದ. ಈ ಸಾಲನ್ನು ನಾನು ಯಾವ ಕಡೆಯಿಂದ ಹೇಳಿಕೊಂಡರೂ ನನ್ನ ನಾಲಿಗೆ ಸುಡುತ್ತದೆ.

ನನಗೀಗ ಒಂಟೆಯುಣ್ಣೆಯ ಕಾಲುಚೀಲ ಅರ್ಥವಾಯಿತು. ಬೇಸಿಗೆಯಲ್ಲೂ ಬಿಚ್ಚಲು ಬಿಡುತ್ತಿರಲಿಲ್ಲ ನೀನು. "ಇವನದು ಎಳೇ ಚರ್ಮ, ಚೇಳು ಕಚ್ಚತ್ತೆ" ಎನ್ನುತ್ತಿದ್ದೆ. ಹುಡುಗರೆಲ್ಲ ನನ್ನನ್ನು ಹೆಣ್ಣಿಗ ಎಂದು ಆಡಿಕೊಂಡು ನಗುತ್ತಿದ್ದರು. ಸಂಜೆಯಾದರೆ ಡೇರೆಯ ಮುಂದಿನ ಮರಳನ್ನು ಗುಡಿಸುತ್ತಿದ್ದೆಯಲ್ಲ, ಮರಳನ್ನು ಯಾರು ಗುಡಿಸುತ್ತಾರೆ ಅಮ್ಮಾ! ಎಲ್ಲ ಮಕ್ಕಳಿಗೂ ಮೊದಲ ಹೆಜ್ಜೆಯಿಟ್ಟ ದಿನ ಹಿರಿಯರು ಕೂತು ಇದು ಅಜ್ಜನ ಕಾಲು, ಇದು ಅತ್ತೆಯ ಕಾಲು ಎಂದು ಹೇಳುವ ಶಾಸ್ತ್ರವಿದೆ. ನನಗೆ ಮಾತ್ರ ಅವತ್ತು ಬಿರುಗಾಳಿ ಎದ್ದಿತ್ತು ಎಂದು ಹೇಳಿ, ನಿನ್ನದು ನಮ್ಮಪ್ಪನ ಕಾಲು, ಅವರನ್ನು ಇಲ್ಲಿ ಯಾರೂ ನೋಡಿಲ್ಲ ಎಂದು ಮುಗಿಸಿದೆ. ಎಂಥ ಹುಚ್ಚು ಧೈರ್ಯ! ಹೆಜ್ಜೆ ಓದಿಯೇ ಹೊಟ್ಟೆ ಹೊರೆಯುವ ಜನರ ನಡುವೆ ಒಂದು ಕಾಲನ್ನು ಚೀಲದಲ್ಲಿ ಮುಚ್ಚಿಡಲು ಹೊರಟೆ. ಎಲ್ಲರಿಗೂ ಗೊತ್ತಿತ್ತಂತೆ. ಮೊದಲ ವಾರವೇ ಗೊತ್ತಿತ್ತಂತೆ. "ನಿಮ್ಮಮ್ಮ ಗುಡಿಸೋಳು, ನಾವು ನೋಡದೋರ ಹಾಗೆ ದಾಟಿ ಹೋಗ್ತಿದ್ವಿ. ಯಾರಿಗೆ ಜಾಸ್ತಿ ಸುಸ್ತಾಗಿರ್ಬೇಕು ಹೇಳು" ಎಂದರು ದೊಡ್ಡಪ್ಪ. ಗೊತ್ತಿದ್ದೂ ಹಮ್ದಾಳನ್ನು ಯಾಕೆ ಕೊಟ್ಟಿರಿ ಎಂದು ಕೇಳಿದೆ. "ಕಾಲಿಗೆ ಕೊಟ್ಟೆನೇನೋ ಮುಠ್ಠಾಳ? ನಿನಗೆ ಕೊಟ್ಟೆ" ಎಂದರು. ಹಾಗೆಂದು ಬಟ್ಟಲು ತುಂಬಿಸಲು ಹೋದವರು, "ಅದು ಸರಿ, ಇವತ್ತೇ ಯಾಕೆ ಕೇಳಿದೆ ಇದನ್ನ?" ಎಂದರು. ಹೂಜಿ ಅವರ ಕೈಯಲ್ಲಿ ಹಾಗೆಯೇ ನಿಂತಿತು. ಕುರುಡ ಕಣ್ಣು ಬಾವಿಯ ದಿಕ್ಕಿಗೆ ತಿರುಗಿತು. ಮಗನನ್ನು ಕಳೆದುಕೊಂಡ ಮುದುಕನಿಗೆ ನಾನು ಬಾಯಿ ಬಿಡದೆಯೇ ಎಲ್ಲ ಹೇಳಿದಂತಾಯಿತು. ಹೂಜಿಯನ್ನು ಕೆಳಗಿಟ್ಟು, "ನಮ್ಮ ಮನೆಯ ನೇಮ ನಿನಗೆ ಗೊತ್ತು. ತನ್ನ ರಕ್ತದೋರ ಹೆಜ್ಜೇನ ಅಧಿಕಾರಿಗಳ ಮುಂದೆ ಓದಬಾರದು, ಉಳಿಸೋಕೂ ಇಲ್ಲ, ಕೊಲ್ಲಿಸೋಕೂ ಇಲ್ಲ. ನೀನು ಯಾರ ರಕ್ತ ಅಂತ ನಾನು ಹೇಳಲ್ಲ. ಗುರುವಾರ ಖಾಜಿ ಮುಂದೆ ತಂದೆ ಹೆಸರು ಹೇಳಿ ಆಣೆ ಮಾಡ್ತೀಯಲ್ಲ, ಅವಾಗ ನೀನೇ ಹೇಳು" ಎಂದರು.

ಇವತ್ತು ಬೆಳಿಗ್ಗೆ ಬೇಡಿ ತರಚಿದ ಗಾಯ ನೋಡುವ ನೆಪ ಮಾಡಿ ಮುದುಕನನ್ನು ಕೂಡಿಹಾಕಿದ ಕೋಣೆಗೆ ಹೋದೆ. ಹುಡುಗನನ್ನು ಬೇರೆ ಕಡೆ ಇಟ್ಟಿದ್ದಾರೆ. "ಕಾಲು ನೋಡೋಕೆ ಬಂದ್ಯಾ? ನೋಡಿಕೋ" ಎಂದು ಚಾಚಿದ. ನಾನು ಪಕ್ಕದಲ್ಲಿ ಕೂತು ನನ್ನ ಕಾಲನ್ನೂ ಚಾಚಿದೆ. ನಾಲ್ಕು ಪಾದಗಳನ್ನು ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ಕಂಬಳಿಯನ್ನು ಎಳೆದು ನಾಲ್ಕರ ಮೇಲೂ ಹೊದಿಸಿ, "ಮುಚ್ಕೋ, ಚಳಿ" ಎಂದ. ಚಳಿಯಿರಲಿಲ್ಲ ಅಮ್ಮಾ. ಹೂತ ಬಾವಿಯ ಹತ್ತಿರ ಸತ್ತ ಹೆಂಗಸು ಯಾರು ಎಂದು ಕೇಳಿದೆ. ತನ್ನ ಹೆಂಡತಿ ಎಂದ. ಜೊತೆಗಿದ್ದ ಮಗು ಎಂದೆ. ಅದೂ ಸತ್ತಿತು ಎಂದ. ಹೆಣ ನೋಡಿದೆಯಾ ಎಂದೆ. "ಹೆಣ ಇರಲಿಲ್ಲ. ಒಂಟೆ ಕೂತು ಎದ್ದ ಗುರುತಿತ್ತು. ಅಷ್ಟು ಓದೋಕೆ ನಮಗೂ ಬರತ್ತೆ ಕಣಪ್ಪ, ನೀವೇ ದೊಡ್ಡ ಪಂಡಿತರಲ್ಲ" ಎಂದ. ಹಾಗಿದ್ದರೆ ಯಾಕೆ ಹುಡುಕಿಕೊಂಡು ಬರಲಿಲ್ಲ ಎಂದು ನನಗೆ ಸಿಟ್ಟೇ ಬಂತು. ಬಂದಿದ್ದನಂತೆ. ಉಪ್ಪು ಮಾರುವವನ ಹಾಗೆ ನಮ್ಮ ಡೇರೆಗಳಿದ್ದಲ್ಲಿಗೆ ಒಮ್ಮೆ ಬಂದಿದ್ದನಂತೆ. "ಒಬ್ಬಳು ಹೆಂಗಸು ಮರಳು ಗುಡಿಸ್ತಿದ್ಲು. ಮಗೂನ ಕಾಲಿಗೆ ಚೀಲ ಹಾಕಿದ್ಲು. ಉಪ್ಪು ಬೇಡ, ದಣಿದಿದೀಯ, ಕೂತ್ಕೋ ಅಂತ ಮಜ್ಜಿಗೆ ಕೊಟ್ಲು. ನನ್ನ ಹತ್ರ ಅವತ್ತು ಒಂದು ಒಂಟೆನೂ ಇರಲಿಲ್ಲ, ಹೆಂಡತಿನೂ ಇರಲಿಲ್ಲ. ಇಲ್ಲೇ ಇರ್ಲಿ ಅಂತ ಎದ್ದು ಹೋದೆ." ಆ ಉಪ್ಪಿನವನು ನಿನಗೆ ನೆನಪಿದ್ದಾನೆಯೆ ಅಮ್ಮಾ? ನೀನು ಎಷ್ಟೋ ಜನರಿಗೆ ಮಜ್ಜಿಗೆ ಕೊಟ್ಟಿದ್ದೀಯೆ.

ಆಮೇಲೆ ಅವನು ನನ್ನ ಮೊಣಕೈ ಹಿಡಿದುಕೊಂಡ. ಕೆಮ್ಮು ಬಿಡುವು ಕೊಟ್ಟಾಗಲೆಲ್ಲ ಒಂದೊಂದು ಮಾತು. "ಗುರುವಾರ ನನ್ನದು ಅನ್ನು. ಹುಡುಗ ಹೆದರಿ ಹೊಡೆದ, ಬಂದೂಕು ಹಿಡಿಯೋಕೂ ಸರಿಯಾಗಿ ಬರಲ್ಲ ಅವನಿಗೆ. ನನ್ನ ಎದೆ ಕೇಳು, ನನ್ನದು ಹೇಗೂ ಮುಗಿದಿದೆ. ಸುಮ್ನೆ ಹಾಳಾಗೋ ಸಾವು, ಇದೊಂದು ಕೆಲಸಕ್ಕೆ ಬರ್ಲಿ. ನೀನು ಇಷ್ಟು ದಿನ ಯಾರ ಮಗನೋ ಅವರ ಮಗನಾಗೇ ಇರು. ನನಗೆ ಒಬ್ಬನೇ ಮಗ, ಮುಸಲ್ಲಮ್." ನನ್ನ ಹೆಸರು ಏನಿಟ್ಟಿದ್ದೆ ಎಂದು ಕೇಳಿದೆ. ಕೆಮ್ಮಿದ. ಕೆಮ್ಮು ನಿಂತ ಮೇಲೂ ಹೇಳಲಿಲ್ಲ.

ಈಗ ನಾನು ಎಲ್ಲಿ ಹೋಗಲಿ ಹೇಳು. ಒದ್ದೆ ನೆಲದ ಆ ಗುರುತು ಹುಡುಗನದೇ. ಬೆರಳು ಆಳಕ್ಕೆ ಊರಿದೆ, ಹಿಮ್ಮಡಿ ಹಗುರ, ಬಿರುಕಿಲ್ಲ; ಎಳೆಯ ಕಾಲು. ಅಪ್ಪ ನಾಶಿರನ ಮಗನೆಂದು ಆಣೆ ಮಾಡಿ ಅಪ್ಪ ಕಲಿಸಿದ ಹಾಗೆಯೇ ನಿಜವಾಗಿ ಓದಿದರೆ ನನ್ನ ತಮ್ಮ ಸಾಯುತ್ತಾನೆ, ಒಂದು ದಿನವೂ ಅವನ ಜೊತೆ ಉಣ್ಣದೆ ನಾನು ಅವನನ್ನು ಕೊಂದಂತಾಯಿತು. ಸುಹೈಲನ ಮಗನೆಂದು ಹೇಳಿ ಓದದೆ ಪಕ್ಕಕ್ಕೆ ನಿಂತರೆ, ಹೊಡೆದವನು ಯಾರೆಂದು ಸಾಬೀತಾಗದೆ ಇಬ್ಬರೂ ಬಿಡುಗಡೆಯಾಗುತ್ತಾರೆ. ಆದರೆ ಗಡಿ ಮುಟ್ಟುವ ಮೊದಲೇ ಹಮ್ದಾಳ ಅಣ್ಣಂದಿರು ಅವರನ್ನು ಹಿಡಿಯುತ್ತಾರೆ, ಹಮ್ದಾ ನನ್ನ ಮುಖ ನೋಡುವುದಿಲ್ಲ, ಮತ್ತು ನೀನು ಗುಡಿಸಿದ್ದೆಲ್ಲ ವ್ಯರ್ಥ. ತೆಂಕಣಕ್ಕೆ ಹೋದರೆ ಅಲ್ಲಿಯೂ ನನಗೆ ಜಾಗವಿಲ್ಲ. ಅವರಲ್ಲಿ ನಾನು ಒಬ್ಬನನ್ನಾದರೂ ಹಿಡಿದುಕೊಡದ ಮನೆಯೇ ಕಡಿಮೆ. ಮುದುಕ ಹೇಳಿದ ಹಾಗೆ ಮಾಡಿದರೆ ಎಲ್ಲರೂ ಇದ್ದಲ್ಲೇ ಇರುತ್ತಾರೆ, ಅವನೊಬ್ಬನನ್ನು ಬಿಟ್ಟು. ಆದರೆ ನಾಶಿರನ ಮಗನೆಂದು ಹೇಳಿ ಸುಳ್ಳು ಓದಿದವನು ಆ ಕ್ಷಣದಿಂದ ನಾಶಿರನ ಮಗ ಹೇಗಾದಾನು? ಅಪ್ಪ ಒಂಟೆಯ ಹೆಜ್ಜೆಯನ್ನೂ ಸುಳ್ಳು ಓದಿದವನಲ್ಲ. ಕಾಲು ಯಾರದೆಂದು ಗೊತ್ತಾದರೆ ಮನುಷ್ಯ ಯಾರೆಂದು ಗೊತ್ತಾಗುತ್ತದೆ ಎಂದು ನಾನು ನಂಬಿದ್ದೆ. ನನಗೆ ಕಾಲು ಗೊತ್ತಾಯಿತು, ಅಷ್ಟೇ. ಇಂಥವನಾಗಬೇಕು ಎಂದು ಆರಿಸಿಕೊಳ್ಳಲು ಹೊರಟರೆ, ಯಾರನ್ನು ಆರಿಸಿಕೊಂಡರೂ ಉಳಿದವರ ಹೆಣ ದಾಟಿಕೊಂಡೇ ಅವನ ಹತ್ತಿರ ಹೋಗಬೇಕು.

ನೀನು ಇಲ್ಲಿದ್ದಿದ್ದರೆ ಒಂದು ಮಾತು ಹೇಳುತ್ತಿದ್ದೆ. ತಪ್ಪೋ ಸರಿಯೋ, ಅದನ್ನು ಮಾಡಿ ಮುಗಿಸುತ್ತಿದ್ದೆ. ನಿನ್ನ ಉತ್ತರ ಬರುವ ಹೊತ್ತಿಗೆ ಗುರುವಾರ ಕಳೆದುಹೋಗಿರುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪನ ಮೇಲೆ ಇದೆಯೋ ಇಲ್ಲವೋ ತಿಳಿಯದು. ಅವರ ಗೋರಿಯ ಕಡೆ ಈ ಎರಡು ದಿನ ಹೋಗಿಲ್ಲ. ಅಕ್ಕಾ, ನೀನು ಅಳುತ್ತಿದ್ದೀಯೆ ಎಂದು ನನಗೆ ಗೊತ್ತು, ನಿಲ್ಲಿಸಿ ಓದು. ಅಮ್ಮನ ಕಣ್ಣಿಗೆ ಹೊಸ ಔಷಧಿ ಹಾಕಿದ್ದಾರೆ, ಅವಳು ಅಳದ ಹಾಗೆ ನೋಡಿಕೋ. ಭಾವನಿಗೆ ಸಲಾಂ, ಮಕ್ಕಳಿಗೆ ಮುತ್ತು. ದೊಡ್ಡಪ್ಪ ನಿನ್ನನ್ನು ಕೇಳಿದರು ಎಂದು ಬರೆಯಬೇಕು. ಅವರು ಕೇಳಲಿಲ್ಲ, ಆದರೂ ಬರೆಯುತ್ತೇನೆ. ದೇವರು ನಿನ್ನ ಎರಡೂ ಕಣ್ಣನ್ನು ಪೂರ್ತಿ ಮರಳಿಸಲಿ.

ಇವತ್ತಿನವರೆಗೆ ನಿನ್ನ ಮಗ,
ಮುಸ್ಫಿರ್

ಅವಸರದಲ್ಲಿ ಇನ್ನೊಂದು ಮಾತು: ಇವತ್ತು ಭಾನುವಾರ. ಗಾಳಿಯೆದ್ದು ಲಾರಿ ಬರಲಿಲ್ಲ, ಪತ್ರ ನನ್ನ ಹತ್ತಿರವೇ ಉಳಿಯಿತು. ಈಗ ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಗುರುವಾರ ನಾನು ನಾಶಿರನ ಮಗ ಮುಸ್ಫಿರ್ ಎಂದು ಆಣೆ ಮಾಡಿ, ಬಾವಿಯ ಹತ್ತಿರದ ಕಾಲು ಮುದುಕನದು ಎಂದೆ. ದೊಡ್ಡಪ್ಪ "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು" ಎಂದರು. ಕೂತು, ಬೋಗುಣಿ ತೆಗೆಸಿ, ಆ ಗುರುತಿನೊಳಗೆ ಬೆರಳಾಡಿಸಿದರು. ಹಿಮ್ಮಡಿ ಮುಟ್ಟಿ ನೋಡಿದರು, ಬೆರಳುಗಳ ಕುಳಿ ನೋಡಿದರು. ಅವರ ಕೈಗೆ ಸುಳ್ಳು ಗೊತ್ತಾಗದೆ ಇರುವುದಿಲ್ಲ ಅಮ್ಮಾ. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ "ನಾಶಿರನ ಮಗ ಸರಿಯಾಗಿ ಓದಿದಾನೆ" ಎಂದರು. ಅದಾದ ಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ. ಹುಡುಗನನ್ನು ಗಡಿಯಾಚೆ ಬಿಟ್ಟರು, ಹೋಗುವಾಗ ನನ್ನ ಕಡೆ ಉಗಿದ. ಹಮ್ದಾ ಊಟ ಮಾಡಿದಳು. ರಾಜಧಾನಿಯಿಂದ ತೀರ್ಪು ಬರುವುದಕ್ಕೆ ಮುದುಕ ಕಾಯಲಿಲ್ಲ, ನಿನ್ನೆ ಬೆಳಿಗ್ಗೆ ಗೋಡೆಗೆ ಒರಗಿದ ಹಾಗೆಯೇ ಹೋಗಿದ್ದ. ಮಣ್ಣು ಮಾಡಲು ಅವನವರು ಯಾರೂ ಇಲ್ಲ, ನಾನು ಕೊಡಿ ಎಂದು ಕೇಳಿದೆ. "ನಿನಗೆ ಏನಾಗಬೇಕು ಇವನು?" ಎಂದರು ಕ್ಯಾಪ್ಟನ್. ಏನೂ ಆಗಬೇಕಿಲ್ಲ ಎಂದೆ. ಹೆಣ ತೊಳೆಯುವಾಗ ಕಾಲಿನ ಕಡೆ ಬೇರೆಯವರನ್ನು ನಿಲ್ಲಿಸಿದೆ. ನೀನು ಬೇಗ ಬಾ ಅಮ್ಮಾ. ಬಂದ ತಕ್ಷಣ, ಏನೂ ಕೇಳುವ ಮೊದಲು, ನನ್ನನ್ನು ಒಮ್ಮೆ ಮಗನೇ ಎಂದು ಕರೆ. ನಾನು ಬೇರೆ ಯಾರ ಮಗನೂ ಆಗಿ ಉಳಿದಿಲ್ಲ.